ಬಿಸಿಲಿನ ಶಾಖದಿಂದ ಕುಡಿಯುವ ನೀರು: ಪುಣೆಯ ತಾರಸಿಗಳಿಗೆ ಒಂದು ಮಾರ್ಗದರ್ಶಿ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಕುಡಿಯುವ ನೀರು ಒಂದೇ ದಾರಿಯಿಂದ ಬರುವುದಿಲ್ಲ. ಹಳೆಯ ಪೇಟೆಗಳಲ್ಲಿ ಖಡಕ್‌ವಾಸಲಾ ಅಣೆಕಟ್ಟಿನ ಕಡೆಯಿಂದ ಬಂದು, ಶುದ್ಧೀಕರಣಗೊಂಡು, ಕ್ಲೋರಿನ್ ಬೆರೆತ ಮಹಾನಗರಪಾಲಿಕೆಯ ನೀರು ನಲ್ಲಿಯಲ್ಲಿ ಬರುತ್ತದೆ. ಊರಂಚಿನ ಹೊಸ ಬಡಾವಣೆಗಳಲ್ಲಿ ಟ್ಯಾಂಕರ್ ಮತ್ತು ಬೋರ್‌ವೆಲ್ಲಿನ ನೀರೇ ಆಧಾರ. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯಲು ಬಂದವರು ವಾಸಿಸುವ, ಕಟ್ಟಡ ಕಾಮಗಾರಿಯ ಪಕ್ಕದ ತಗಡಿನ ಶೆಡ್ಡುಗಳಲ್ಲಂತೂ ಒಂದೇ ಡ್ರಮ್ಮಿನ ನೀರು ಕಾಂಕ್ರೀಟಿಗೂ ಆಗಬೇಕು, ಬಾಯಾರಿಕೆಗೂ ಆಗಬೇಕು. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಸುತ್ತಮುತ್ತ ನರಗಳನ್ನು ಬಾಧಿಸಿ ಕೈಕಾಲುಗಳ ಬಲ ಕುಂದಿಸುವ ಗಿಯಾನ್-ಬಾರೆ ಸಿಂಡ್ರೋಮ್‌ನ ಪ್ರಕರಣಗಳು ಒಟ್ಟೊಟ್ಟಿಗೆ ಕಾಣಿಸಿಕೊಂಡಾಗ, ಹಲವು ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಪತ್ತೆಯಾಗಿ, ಅನುಮಾನವು ಕುಡಿಯುವ ನೀರಿನ ಕಡೆಗೆ ತಿರುಗಿತು. ನೀರನ್ನು ಕುದಿಸಿ ಕುಡಿಯಿರಿ ಎಂದು ಆಗ ಎಲ್ಲೆಡೆ ಹೇಳಲಾಯಿತು. ಆ ಸಲಹೆ ಸರಿಯಾದದ್ದೇ. ಆದರೆ ದಿನವೂ ಹತ್ತು ಲೀಟರ್ ನೀರು ಕುದಿಸುವ ಗ್ಯಾಸಿನ ಖರ್ಚನ್ನು ಯಾರು ಭರಿಸಬೇಕು ಎಂಬ ಪ್ರಶ್ನೆಗೆ ಶೆಡ್ಡಿನಲ್ಲಿ ಇರುವವರ ಬಳಿ ಉತ್ತರವಿರಲಿಲ್ಲ.

ಲೆಕ್ಕ ಹಾಕಿ ನೋಡೋಣ. 25 ಡಿಗ್ರಿಯ ಹತ್ತು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು 750 ಕಿಲೋಕ್ಯಾಲರಿ ಶಾಖ ಬೇಕು. ಒಂದು ಕಿಲೋ ಎಲ್‌ಪಿಜಿ ಸುಮಾರು 11,000 ಕಿಲೋಕ್ಯಾಲರಿ ಕೊಡುತ್ತದೆಯಾದರೂ ಅದರಲ್ಲಿ ಪಾತ್ರೆಗೆ ಸೇರುವುದು ಅರ್ಧದಷ್ಟು ಮಾತ್ರ. ಉಳಿದದ್ದು ಗಾಳಿಗೆ ಹೋಗುತ್ತದೆ. ಹೀಗೆ ತಿಂಗಳಿಗೆ ನಾಲ್ಕು ಕಿಲೋ ಗ್ಯಾಸು, ಅಂದರೆ 14.2 ಕಿಲೋ ಸಿಲಿಂಡರಿನ ಕಾಲುಭಾಗಕ್ಕಿಂತ ಹೆಚ್ಚು, ಬರೀ ನೀರು ಕುದಿಸುವುದಕ್ಕೇ ತೀರುತ್ತದೆ. ಇತ್ತ ಪುಣೆಯ ಆಕಾಶವೋ, ಅಕ್ಟೋಬರ್ ನಡುವಿನಿಂದ ಮೇ ಕೊನೆಯವರೆಗೆ ಬಹುಪಾಲು ನಿರ್ಮಲವಾಗಿರುತ್ತದೆ. ಆ ಏಳೆಂಟು ತಿಂಗಳು ಬಿಸಿಲಿನಿಂದಲೇ ಈ ಕೆಲಸ ಮಾಡಿಸಿಕೊಳ್ಳಬಹುದು. ಅದನ್ನು ಎಚ್ಚರದಿಂದ, ಅಂದಾಜಿಗೆ ಬಿಡದೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದೆ. ಮನೆಯಲ್ಲಿ ಸುಸ್ಥಿತಿಯ ವಾಟರ್ ಪ್ಯೂರಿಫೈಯರ್ ಇರುವವರಿಗೆ ಇದು ನಿತ್ಯದ ಅಗತ್ಯವಲ್ಲ. ಅದು ಇಲ್ಲದವರಿಗಾಗಿ, ಮತ್ತು ಅಂಥವರ ನಡುವೆ ಕೆಲಸ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ.

ಎಷ್ಟು ಶಾಖ ಸಾಕು

ನೀರು ಸುರಕ್ಷಿತವಾಗಲು 100 ಡಿಗ್ರಿಗೆ ಕುದಿಯಲೇಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕುದಿತ ಕಣ್ಣಿಗೆ ಕಾಣುವ ಗುರುತು, ಥರ್ಮಾಮೀಟರ್ ಇಲ್ಲದವರಿಗೂ ತಿಳಿಯುವ ಗುರುತು. ಆದ್ದರಿಂದಲೇ ಆ ಸಲಹೆಯನ್ನು ಎಲ್ಲರಿಗೂ ಕೊಡುತ್ತಾರೆ. ರೋಗಾಣುಗಳು ಮಾತ್ರ ಅದಕ್ಕಿಂತ ಬಹಳ ಮೊದಲೇ ಸಾಯುತ್ತವೆ. ಆಮಶಂಕೆ ತರುವ ಅಮೀಬಾ, ಜಿಯಾರ್ಡಿಯಾದಂಥ ಏಕಕೋಶ ಜೀವಿಗಳ ಗಟ್ಟಿ ಕವಚದ ಕೋಶಗಳು (ಸಿಸ್ಟ್) ಮತ್ತು ಹುಳುಗಳ ಮೊಟ್ಟೆಗಳು 55 ಡಿಗ್ರಿಯ ಸುಮಾರಿಗೆ ಬೇಗನೆ ನಾಶವಾಗತೊಡಗುತ್ತವೆ. ಕಾಲರಾ, ಟೈಫಾಯಿಡ್, ರಕ್ತಭೇದಿಯ ಬ್ಯಾಕ್ಟೀರಿಯಾಗಳು ಮತ್ತು ಮಕ್ಕಳಿಗೆ ಭೇದಿ ತರುವ ರೋಟಾವೈರಸ್ 60 ಡಿಗ್ರಿಯ ಸುಮಾರಿಗೆ. ಕಾಮಾಲೆಗೆ ಕಾರಣವಾಗುವ ಹೆಪಟೈಟಿಸ್ ಎ ವೈರಸ್ 65 ಡಿಗ್ರಿಯ ಸುಮಾರಿಗೆ. ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ಡೇವಿಡ್ ಚಿಯೊಕೆಟ್ಟಿ ಮತ್ತು ರಾಬರ್ಟ್ ಮೆಟ್‌ಕಾಫ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಸೋಲಾರ್ ಕುಕ್ಕರಿನಲ್ಲೇ ಕಲುಷಿತ ನೀರನ್ನು ಕಾಯಿಸಿ ಪರೀಕ್ಷಿಸಿ, 65 ಡಿಗ್ರಿ ತಲುಪಿದ ನೀರು ಕುಡಿಯಲು ಸುರಕ್ಷಿತವೆಂದು ತೋರಿಸಿದರು. ಆ ಮಟ್ಟದಲ್ಲಿ ಆರು ನಿಮಿಷ ಇರಿಸಬೇಕೆಂಬುದು ಇಂದು ರೂಢಿಯಲ್ಲಿರುವ ನಿಯಮ. ಡೇರಿಯಿಂದ ಪ್ಯಾಕೆಟ್ಟಿನಲ್ಲಿ ಬರುವ ಹಾಲು ಕೂಡ ಕುದಿಸಿದ್ದಲ್ಲ. ಸುಮಾರು 72 ಡಿಗ್ರಿಯಲ್ಲಿ ಹದಿನೈದು ಸೆಕೆಂಡು ಹಿಡಿದು ತಣಿಸಿದ್ದು. ನೀರಿಗೂ ನಾವು ಮಾಡುವುದು ಅದೇ ಪಾಶ್ಚರೀಕರಣ.

ನಾನು 65ರ ಬದಲು 70 ಡಿಗ್ರಿಯನ್ನೇ ಗುರಿಯಾಗಿ ಇಟ್ಟುಕೊಳ್ಳಲು ಹೇಳುತ್ತೇನೆ. ಪಾತ್ರೆಯ ಮೇಲ್ಭಾಗ ಮತ್ತು ತಳದ ನಡುವೆ ಒಂದೆರಡು ಡಿಗ್ರಿ ವ್ಯತ್ಯಾಸವಿರಬಹುದು, ಥರ್ಮಾಮೀಟರಿನಲ್ಲಿಯೂ ಅಷ್ಟೇ ದೋಷವಿರಬಹುದು. ಐದು ಡಿಗ್ರಿಯ ಅಂತರ ಇವೆರಡನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಒಂದು ಲೀಟರ್ ನೀರನ್ನು 25ರಿಂದ 70 ಡಿಗ್ರಿಗೆ ಏರಿಸಲು 45 ಕಿಲೋಕ್ಯಾಲರಿ ಸಾಕು, ಕುದಿಸಲು 75 ಬೇಕು. ಬಿಸಿಲಿನ ಪೆಟ್ಟಿಗೆಗೆ, ಅಂದರೆ ಸೋಲಾರ್ ಕುಕ್ಕರಿಗೆ, ಈ ವ್ಯತ್ಯಾಸ ದೊಡ್ಡದು.

ಶಾಖದಿಂದ ಆಗದ ಕೆಲಸ

ಬಿಸಿಲು ಜೀವಾಣುಗಳನ್ನು ಕೊಲ್ಲುತ್ತದೆಯೇ ಹೊರತು ನೀರಿನಲ್ಲಿ ಕರಗಿರುವ ವಸ್ತುಗಳನ್ನು ತೆಗೆಯುವುದಿಲ್ಲ. ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್, ಸೀಸ, ಕೀಟನಾಶಕ, ಉಪ್ಪು ಇವೆಲ್ಲ ಕಾಯಿಸಿದ ಮೇಲೂ ಇದ್ದಲ್ಲೇ ಇರುತ್ತವೆ. ಪಾವಗಡ, ಮುಂಡರಗಿಯ ಕಡೆಯ ಫ್ಲೋರೈಡ್ ನೀರಿನ ತೊಂದರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕಲಿತ ಕ್ರಮವನ್ನು ಊರಿಗೆ ಕೊಂಡೊಯ್ಯುವವರು, ಅಲ್ಲಿನ ಬೋರ್‌ವೆಲ್ಲಿನ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದನ್ನು ಮೊದಲು ಪರೀಕ್ಷೆ ಮಾಡಿಸಬೇಕು. ಡೀಸೆಲ್ಲಿನ ವಾಸನೆ ಬರುವ ಟ್ಯಾಂಕರ್ ನೀರನ್ನು ಅಥವಾ ಕಾರ್ಖಾನೆಯ ಹರಿವಿನ ಪಕ್ಕದ ಬಾವಿಯ ನೀರನ್ನು ಯಾವ ಕಾರಣಕ್ಕೂ ಈ ವಿಧಾನದಿಂದ ಕುಡಿಯಲು ಅಣಿಮಾಡಬೇಡಿ.

ಬೇಕಾದ ಸಾಮಗ್ರಿ

ಪೆಟ್ಟಿಗೆ ಮಾದರಿಯ ಸೋಲಾರ್ ಕುಕ್ಕರ್ ಈ ಕೆಲಸಕ್ಕೆ ಎಲ್ಲಕ್ಕಿಂತ ಸೂಕ್ತ. ಸಿದ್ಧವಾಗಿ ಸಿಗುವವು ಸಾಮಾನ್ಯವಾಗಿ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಗಾಜಿನ ಬಾಯಿ, ಮುಚ್ಚಳದ ಒಳಬದಿಗೆ ಒಂದು ಕನ್ನಡಿ ಮತ್ತು ಹೊರಮೈಗೆ ಕಪ್ಪು ಬಳಿದ ನಾಲ್ಕು ಪಾತ್ರೆಗಳೊಂದಿಗೆ ಬರುತ್ತವೆ. ಬಡಗಿ ಕೆಲಸ ಬಲ್ಲವರು ಮನೆಯಲ್ಲೇ ಮಾಡಿಕೊಳ್ಳಬಹುದು: ಹೊರಗೆ ಪ್ಲೈವುಡ್ ಪೆಟ್ಟಿಗೆ, ಒಳಗೆ ಕಪ್ಪು ಬಳಿದ ತಗಡಿನ ತಟ್ಟೆ, ಇವೆರಡರ ನಡುವೆ ಐದಾರು ಸೆಂಟಿಮೀಟರ್ ದಪ್ಪಕ್ಕೆ ಒಣಗಿದ ಭತ್ತದ ಹೊಟ್ಟು ಅಥವಾ ಗ್ಲಾಸ್‌ವುಲ್, ಮೇಲೆ ಎರಡು ಸೆಂಟಿಮೀಟರ್ ಅಂತರ ಬಿಟ್ಟ ಎರಡು ಗಾಜು, ಗಾಜಿನ ಚೌಕಟ್ಟು ಕೂರುವಲ್ಲಿ ಸುತ್ತಲೂ ರಬ್ಬರ್ ಪಟ್ಟಿ. ಥರ್ಮೋಕೋಲ್ ಅಗ್ಗವೆಂದು ಅದನ್ನು ತುಂಬಬೇಡಿ. ಖಾಲಿ ಪೆಟ್ಟಿಗೆಯ ಒಳಗೆ ಏಪ್ರಿಲ್ ಬಿಸಿಲಿನಲ್ಲಿ ಶಾಖ 100 ಡಿಗ್ರಿ ದಾಟುವುದರಿಂದ ಥರ್ಮೋಕೋಲ್ ಮೆತ್ತಗಾಗಿ ಕುಸಿಯುತ್ತದೆ. ಹೊಸ ಪೆಟ್ಟಿಗೆಯನ್ನು ಮೊದಲ ಕೆಲವು ದಿನ ಬರಿದಾಗಿಯೇ ಬಿಸಿಲಿಗಿಟ್ಟು ಬಣ್ಣದ ವಾಸನೆ ಪೂರ್ತಿ ಹೋಗಲು ಬಿಡಬೇಕು.

ಪಾತ್ರೆ ಅಲ್ಯೂಮಿನಿಯಮ್ಮಿನದಾಗಲಿ ಸ್ಟೀಲಿನದಾಗಲಿ, ಅಗಲವಾಗಿ, ತಟ್ಟೆಯಾಕಾರದಲ್ಲಿದ್ದು ಬಿಗಿ ಮುಚ್ಚಳ ಹೊಂದಿರಬೇಕು. ಹೊಳಪಿಲ್ಲದ ಬ್ಲ್ಯಾಕ್‌ಬೋರ್ಡ್ ಪೇಂಟನ್ನು ಹೊರಮೈಗೆ ಮತ್ತು ಮುಚ್ಚಳದ ಮೇಲ್ಭಾಗಕ್ಕೆ ಮಾತ್ರ ಬಳಿಯಬೇಕು. ನೀರು ತಾಗುವ ಒಳಮೈಗೆ ಯಾವ ಬಣ್ಣವೂ ಸೋಕಬಾರದು. ಇವುಗಳ ಜೊತೆಗೆ ಉದ್ದ ಸ್ಟೀಲ್ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಒಂದು ಬೇಕು. ಹಣ ಕಡಿಮೆ ಬಿದ್ದರೆ ಕನ್ನಡಿಯ ಗಾತ್ರದಲ್ಲಿ ಉಳಿಸಿ, ಥರ್ಮಾಮೀಟರಿನಲ್ಲಿ ಉಳಿಸಬೇಡಿ.

ದೊಡ್ಡ ತಟ್ಟೆಯಂಥ ಪ್ಯಾರಾಬೋಲಾ ಕುಕ್ಕರುಗಳೂ ಇವೆ. ಅವು ನೀರನ್ನು ಬೇಗನೆ ಕುದಿಸುತ್ತವೆ ನಿಜ, ಆದರೆ ಬೆಳಕು ಒಂದೇ ಬಿಂದುವಿನಲ್ಲಿ ಸೇರುವುದರಿಂದ ಕಣ್ಣಿಗೂ ಬಟ್ಟೆಗೂ ಅಪಾಯ. ಮಕ್ಕಳು ಓಡಾಡುವ ಸೊಸೈಟಿಯ ತಾರಸಿಗೆ ನಾನು ಅವನ್ನು ಸೂಚಿಸುವುದಿಲ್ಲ.

ಹಿಂದಿನ ಸಂಜೆ: ನೀರನ್ನು ತಿಳಿಗೊಳಿಸುವುದು

ಟ್ಯಾಂಕರಿನ ನೀರನ್ನು ಬಂದ ಕೂಡಲೇ ಪಾತ್ರೆಗೆ ತುಂಬಬಾರದು. ಮುಚ್ಚಿದ ಬಕೆಟ್ಟಿನಲ್ಲಿ ರಾತ್ರಿಯಿಡೀ ಅಲುಗಾಡಿಸದೆ ಇಟ್ಟರೆ ಮಣ್ಣಿನ ಅಂಶ ತಳಕ್ಕಿಳಿಯುತ್ತದೆ. ನೀರು ಕಲಕಾಗಿದ್ದರೆ ಪಟಕದ ತುಂಡನ್ನು ಬಕೆಟ್ಟಿನ ನೀರಿನಲ್ಲಿ ಕೆಲವು ಸುತ್ತು ಆಡಿಸಿ ತೆಗೆದು, ಒಂದೆರಡು ಗಂಟೆ ಬಿಟ್ಟರೆ ಕೆಸರು ಹೆಪ್ಪುಗಟ್ಟಿ ಕೆಳಗೆ ಕೂರುತ್ತದೆ. ಪುಣೆಯ ಕಿರಾಣಿ ಅಂಗಡಿಯಲ್ಲಿ ತುರಟಿ ಎಂದು ಕೇಳಿದರೆ ಇದನ್ನೇ ಕೊಡುತ್ತಾರೆ.

ಬೆಳಿಗ್ಗೆ ಮೇಲಿನ ತಿಳಿ ನೀರನ್ನು ಹಳೆಯ ಹತ್ತಿ ಸೀರೆಯ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯನ್ನು ಕನಿಷ್ಠ ನಾಲ್ಕು ಮಡಿಕೆ ಮಾಡಬೇಕು. ಇದು ನಮ್ಮ ಅಜ್ಜಿಯರ ರೂಢಿಯಷ್ಟೇ ಅಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಸೀರೆಯಲ್ಲಿ ಸೋಸಿದ ನೀರು ಕುಡಿದವರಲ್ಲಿ ಕಾಲರಾ ಶೇಕಡಾ 48ರಷ್ಟು ಕಡಿಮೆಯಾಗಿತ್ತು. ಕಾಲರಾದ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವ ಕಿರುಜೀವಿಗಳಾದ ಪ್ಲವಕಗಳಿಗೆ ಅಂಟಿಕೊಂಡಿರುತ್ತವೆ, ಆ ಪ್ಲವಕಗಳು ಬಟ್ಟೆಯ ಎಳೆಗಳಲ್ಲಿ ಸಿಕ್ಕಿಬೀಳುತ್ತವೆ. ಹೊಸ ಸೀರೆಗಿಂತ ಹಲವು ಬಾರಿ ಒಗೆದ ಹಳೆಯ ಸೀರೆಯೇ ಉತ್ತಮ, ಏಕೆಂದರೆ ಒಗೆತದಿಂದ ನೂಲು ಅರಳಿ ರಂಧ್ರಗಳು ಕಿರಿದಾಗಿರುತ್ತವೆ. ಸೋಸಿದ ಮೇಲೆ ಬಟ್ಟೆಯನ್ನು ಜಾಲಿಸಿ ಬಿಸಿಲಿಗೆ ಒಣಹಾಕಬೇಕು, ಮರುದಿನ ಅದೇ ಬದಿಯನ್ನು ಮೇಲೆ ಮಾಡಿ ಹಿಡಿಯಬೇಕು. ಸೋಸುವಿಕೆ ಶಾಖಕ್ಕೆ ಬದಲಿಯಲ್ಲ, ಅದರ ಕೆಲಸವನ್ನು ಹಗುರ ಮಾಡುವ ಸಿದ್ಧತೆ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ

ಜಾಗ ಆರಿಸುವಾಗ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ ನೆರಳು ಬೀಳದ ಮೂಲೆಯನ್ನು ಒಂದು ದಿನ ಮೊದಲೇ ನೋಡಿಟ್ಟುಕೊಳ್ಳಿ. ತಾರಸಿಯ ಮೋಟುಗೋಡೆ, ಸಿಂಟೆಕ್ಸ್ ಟ್ಯಾಂಕು, ಡಿಶ್ ಆಂಟೆನಾ, ಒಣಹಾಕಿದ ಬೆಡ್‌ಶೀಟು ಯಾವುದರ ನೆರಳೂ ಗಾಜಿನ ಮೇಲೆ ಹಾಯಬಾರದು. ಸೊಸೈಟಿಯಲ್ಲಿ ಇರುವವರು ಕಾರ್ಯದರ್ಶಿಯವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯುವುದು ಒಳ್ಳೆಯದು, ಏಕೆಂದರೆ ಕನ್ನಡಿಯ ಪ್ರತಿಫಲನ ಎದುರು ಮನೆಯ ಕಿಟಕಿಗೆ ಹೊಡೆದು ಆಕ್ಷೇಪ ಬರುವುದುಂಟು.

ಒಂಬತ್ತೂವರೆಗೆ ಗಾಜನ್ನು ಒಣಬಟ್ಟೆಯಿಂದ ಒರೆಸಿ, ಪಾತ್ರೆಗಳಿಗೆ ತಲಾ ಒಂದು ಲೀಟರ್ ಮೀರದಂತೆ ನೀರು ತುಂಬಿ, ಮುಚ್ಚಿ, ಪೆಟ್ಟಿಗೆಯಲ್ಲಿಡಬೇಕು. ಕಾಲು ಚದರ ಮೀಟರ್ ಬಾಯಿಯ ಪೆಟ್ಟಿಗೆಗೆ ಒಳ್ಳೆಯ ಬಿಸಿಲಿನಲ್ಲಿ ಸುಮಾರು 200 ವ್ಯಾಟ್ ಶಾಖ ಬೀಳುತ್ತದೆ, ಅದರಲ್ಲಿ ನೀರಿಗೆ ಸೇರುವುದು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಎಂದು ಹಿಡಿದರೂ ನಾಲ್ಕು ಲೀಟರ್ 70 ಡಿಗ್ರಿ ಮುಟ್ಟಲು ಮೂರೂವರೆ ಗಂಟೆ ಸಾಕಾಗುತ್ತದೆ. ಕನ್ನಡಿ ಸರಿಯಾಗಿ ಕೂತರೆ ಇನ್ನೂ ಬೇಗ ಆಗುತ್ತದೆ. ಹಾಗಿದ್ದರೂ ಒಂದು ಪೆಟ್ಟಿಗೆಯಿಂದ ದಿನಕ್ಕೆ ನಾಲ್ಕು ಲೀಟರ್ ಎಂದೇ ಲೆಕ್ಕ ಇಟ್ಟುಕೊಳ್ಳಿ. ನಾಲ್ಕು ಜನರ ಸಂಸಾರಕ್ಕೆ ಎರಡು ಪೆಟ್ಟಿಗೆ ಬೇಕಾಗುತ್ತವೆ. ಹೆಚ್ಚು ಸಿಗಲೆಂದು ಪಾತ್ರೆ ತುಂಬ ನೀರು ಹಾಕಿದರೆ ಯಾವ ಪಾತ್ರೆಯೂ ಗುರಿ ಮುಟ್ಟದೆ, ಸಂಜೆಗೆ ಎಲ್ಲವೂ 58 ಡಿಗ್ರಿಯಲ್ಲೇ ನಿಲ್ಲುವ ಸಾಧ್ಯತೆ ಇದೆ.

ಕನ್ನಡಿಯ ಓರೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಡಿಸೆಂಬರ್ ಕೊನೆಯಲ್ಲಿ ಪುಣೆಯ ನಡುಹಗಲಿನ ಸೂರ್ಯ ದಕ್ಷಿಣದಲ್ಲಿ, ದಿಗಂತದಿಂದ 48 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗ ಪೆಟ್ಟಿಗೆಯನ್ನು ದಕ್ಷಿಣಕ್ಕೆ ಮುಖಮಾಡಿ ಇಟ್ಟು ಕನ್ನಡಿಯನ್ನು ಹೆಚ್ಚುಕಡಿಮೆ ನೇರವಾಗಿ ನಿಲ್ಲಿಸಬೇಕು. ಮೇ ಮಧ್ಯದಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ ಕನ್ನಡಿಯನ್ನು ಹಿಂದಕ್ಕೆ ಹೆಚ್ಚು ಒರಗಿಸಬೇಕು. ಕೋನ ಅಳೆಯುವ ಗೊಡವೆ ಬೇಡ. ಕನ್ನಡಿಯಿಂದ ಹೊರಟ ಬೆಳಕಿನ ಚೌಕ ಎಲ್ಲಿ ಬೀಳುತ್ತಿದೆ ಎಂದು ನೋಡಿ, ಅದು ಗಾಜಿನ ಮೇಲೆ ಪೂರ್ತಿ ಹರಡುವಂತೆ ತಿರುಗಿಸಿದರೆ ಸಾಕು. ಮುಕ್ಕಾಲು ಗಂಟೆಗೊಮ್ಮೆ ಪೆಟ್ಟಿಗೆಯನ್ನು ಸೂರ್ಯನ ಕಡೆಗೆ ತಿರುಗಿಸುತ್ತಿರಬೇಕು. ಕೆಲಸಕ್ಕೆ ಹೋಗುವವರು ಹನ್ನೆರಡೂವರೆಯ ಸೂರ್ಯನಿಗೆ ಸರಿಹೊಂದುವಂತೆ ಇಟ್ಟು ಹೋಗಬಹುದು, ಆದರೆ ಆಗ ನೀರನ್ನು ಮೂರು ಲೀಟರಿಗೆ ಇಳಿಸಬೇಕು. ನಡುನಡುವೆ ಗಾಜು ತೆರೆದು ನೋಡುವ ಅಭ್ಯಾಸ ಬೇಡ, ಪ್ರತಿ ಸಲ ತೆರೆದಾಗಲೂ ಕೂಡಿಟ್ಟ ಬಿಸಿಗಾಳಿ ಹೊರಟುಹೋಗುತ್ತದೆ.

ಮುಗಿಯಿತೆಂದು ತಿಳಿಯುವುದು ಹೇಗೆ

ಇಡೀ ಕ್ರಮದಲ್ಲಿ ಇದೇ ಮುಖ್ಯ ಭಾಗ. ವಾಘೋಲಿಯ ಸಮೀಪದ ಶೆಡ್ಡೊಂದರಲ್ಲಿ ಪೆಟ್ಟಿಗೆಯಿಂದ ತೆಗೆದ ನೀರನ್ನು ತೋರಿಸುತ್ತಿದ್ದಾಗ, ಯಾದಗಿರಿ ಕಡೆಯ ತಾಯಿಯೊಬ್ಬಳು ಮುಚ್ಚಳ ಎತ್ತಿ ಇಣುಕಿ ಕೇಳಿದ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇರುವಂಥದ್ದೇ: "ಅಕ್ಕಾರ, ಒಂದು ಗುಳ್ಳಿನೂ ಎದ್ದಿಲ್ಲ, ಕುದಿಲಾರದ ನೀರು ಕೂಸಿಗೆ ಹೆಂಗ ಕುಡಿಸಬೇಕ್ರಿ?" ಅವಳ ಸಂಶಯ ನ್ಯಾಯವಾದದ್ದು. ಗುಳ್ಳೆಯೆಂಬ ಗುರುತನ್ನು ನಾವು ಕೈಬಿಡುವುದಾದರೆ ಅಷ್ಟೇ ಗಟ್ಟಿಯಾದ ಇನ್ನೊಂದು ಗುರುತನ್ನು ಅವಳ ಕೈಗೆ ಕೊಡಬೇಕು. ಬೆರಳಿಟ್ಟು ನೋಡುವುದು ಅಂಥ ಗುರುತಲ್ಲ. 50 ಡಿಗ್ರಿಯ ನೀರೂ ಬೆರಳಿಗೆ ಸುಡುವ ಹಾಗೇ ಇರುತ್ತದೆ, 70 ಡಿಗ್ರಿಯದೂ ಹಾಗೇ ಇರುತ್ತದೆ, ಕೈಯಿಟ್ಟದ್ದರಿಂದ ನೀರೂ ಕೆಡುತ್ತದೆ.

ಥರ್ಮಾಮೀಟರನ್ನು ನಂಬುವ ಮೊದಲು ಅದನ್ನು ಪರೀಕ್ಷಿಸಬೇಕು. ಪುಡಿಮಾಡಿದ ಐಸ್ ಬೆರೆತ ನೀರಿನಲ್ಲಿ ಅದು ಸೊನ್ನೆಯ ಸಮೀಪ ತೋರಿಸಬೇಕು. ಕುದಿಯುವ ನೀರಿನಲ್ಲಿ ಮುಂಬಯಿ, ಗೋವೆಗಳಲ್ಲಿ 100 ತೋರಿಸಿದರೆ ಪುಣೆಯಲ್ಲಿ 98 ತೋರಿಸುತ್ತದೆ. ನಗರವು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ ಇರುವುದರಿಂದ ಇಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ, ಅದು ಥರ್ಮಾಮೀಟರಿನ ದೋಷವಲ್ಲ. ಅಳೆಯುವಾಗ ಕಡ್ಡಿಯನ್ನು ಪಾತ್ರೆಯ ತಳದ ಸಮೀಪಕ್ಕೆ ಇಳಿಸಿ. ಬಿಸಿನೀರು ಮೇಲೇರುವುದರಿಂದ ಮೇಲ್ಮೈಯ ಅಂಕಿ ಮೋಸ ಮಾಡಬಹುದು. ನಾಲ್ಕು ಪಾತ್ರೆಗಳಲ್ಲಿ ಗಾಜಿನ ಅಂಚಿಗಿರುವ, ಎಲ್ಲಕ್ಕಿಂತ ತಣ್ಣಗಿರುವ ಪಾತ್ರೆಯಲ್ಲಿ ಅಳೆಯಿರಿ. ಅಲ್ಲಿ 70 ತೋರಿದರೆ ಗಾಜು ಮುಚ್ಚಿ ಇನ್ನೂ ಹದಿನೈದು ನಿಮಿಷ ಬಿಟ್ಟು ತೆಗೆಯಬಹುದು. ಮಧ್ಯಾಹ್ನದ ಮೂರು ಗಂಟೆಯಾದರೂ 70 ಮುಟ್ಟದಿದ್ದರೆ ಆ ದಿನದ ನೀರು ಆಗಲಿಲ್ಲವೆಂದೇ ಅರ್ಥ. ಅದನ್ನು ಒಲೆಯ ಮೇಲಿಟ್ಟು ಕುದಿಸಿ. ಈಗಾಗಲೇ ಬಿಸಿಯಾಗಿರುವುದರಿಂದ ಗ್ಯಾಸು ಕಡಿಮೆಯೇ ಹಿಡಿಯುತ್ತದೆ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರದವರಿಗೆ ಇನ್ನೊಂದು ಉಪಾಯವಿದೆ. 1988ರಲ್ಲಿ ಫ್ರೆಡ್ ಬ್ಯಾರೆಟ್ ಎಂಬವರು ರೂಪಿಸಿದ, ಮುಂದೆ ಅಮೆರಿಕದ ಬರ್ಕ್ಲಿಯ ಡೇಲ್ ಆಂಡ್ರಿಯಾಟಾ ಸುಧಾರಿಸಿದ ಈ ಸೂಚಕ ಎರಡೂ ತುದಿ ಮುಚ್ಚಿದ, ಬೆರಳುದ್ದದ ಪಾರದರ್ಶಕ ಕೊಳವೆ. ಅದರೊಳಗೆ ಸುಮಾರು 70 ಡಿಗ್ರಿಗೆ ಕರಗುವ ಸೋಯಾ ಮೇಣ ಇರುತ್ತದೆ. ಮೇಣವಿರುವ ತುದಿ ಮೇಲಾಗುವಂತೆ ಕೊಳವೆಯನ್ನು ಸ್ಟೀಲ್ ತಂತಿಯಿಂದ ಪಾತ್ರೆಯ ತಳದಲ್ಲಿ ತೂಗುಬಿಡುತ್ತಾರೆ. ನೀರು ಆ ಮಟ್ಟ ಮುಟ್ಟಿದರೆ ಮೇಣ ಕರಗಿ ಕೆಳತುದಿಗೆ ಇಳಿಯುತ್ತದೆ, ಸಂಜೆ ನೀರು ತಣಿದ ಮೇಲೂ ಅಲ್ಲೇ ಗಟ್ಟಿಯಾಗಿ ಉಳಿಯುತ್ತದೆ. ಹೀಗಾಗಿ ಏಳು ಗಂಟೆಗೆ ಮನೆಗೆ ಬಂದವರಿಗೂ ಮಧ್ಯಾಹ್ನ ಏನಾಯಿತೆಂಬುದು ತಿಳಿಯುತ್ತದೆ. ಮರುದಿನ ಕೊಳವೆಯನ್ನು ತಲೆಕೆಳಗು ಮಾಡಿದರೆ ಮತ್ತೆ ಸಿದ್ಧ. ಅಕ್ಷರ ಬಾರದವರೂ ಓದಬಲ್ಲ ಉಪಕರಣವಿದು; ಶೆಡ್ಡುಗಳಿಗೆ ಥರ್ಮಾಮೀಟರಿಗಿಂತ ಇದೇ ಮೇಲೆಂದು ನನ್ನ ಅಭಿಪ್ರಾಯ. ಮನೆಯಲ್ಲಿ ಮಾಡಿಕೊಳ್ಳುವವರು ಮೇಣದಬತ್ತಿಯ ಮೇಣವನ್ನು ಬಳಸಲೇಬಾರದು, ಅದು 50 ಡಿಗ್ರಿಯ ಆಸುಪಾಸಿನಲ್ಲಿಯೂ ಕರಗಬಹುದು. ಜೇನುಮೇಣ ಕರಗುವುದು 62-64 ಡಿಗ್ರಿಗೆ, ಅದೂ ಸಾಲದು. ಸೌಂದರ್ಯವರ್ಧಕ ತಯಾರಿಸುವವರಿಗೆ ಮಾರುವ ಕಾರ್ನೌಬಾ ಮೇಣ 82ರಿಂದ 86 ಡಿಗ್ರಿಗೆ ಕರಗುತ್ತದೆ. ಅಷ್ಟು ಶಾಖಕ್ಕೆ ನೀರು ಕಡಿಮೆ ಹಾಕಬೇಕಾದರೂ, ಅದು ಕರಗಿದೆಯೆಂದರೆ ಸಂಶಯಕ್ಕೆ ಎಡೆಯಿಲ್ಲ.

ಆರು ತಿಂಗಳೊಳಗಿನ ಕೂಸಿನ ಪುಡಿಹಾಲಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ, ರೋಗನಿರೋಧಕ ಶಕ್ತಿ ಕುಂದಿರುವವರಿಗೆ ನೀರನ್ನು ಒಲೆಯ ಮೇಲೆ ಕುದಿಸಿಯೇ ಕೊಡಿ.

ತಣಿಸುವುದು, ಕೂಡಿಡುವುದು

ನಲ್ಲಿಯ ನೀರಿನಲ್ಲಿ ಉಳಿದಿರುವ ಕ್ಲೋರಿನ್ ಒಂದಿಷ್ಟು ಹೊತ್ತು ನೀರನ್ನು ಕಾಯುತ್ತದೆ. ಬಿಸಿಲಿನಲ್ಲಿ ಕಾದ ನೀರಿಗೆ ಅಂಥ ಕಾವಲಿಲ್ಲ. ಕೊಳೆಯಾದ ಒಂದು ಲೋಟ ಅದ್ದಿದರೆ ದಿನವಿಡೀ ಪಟ್ಟ ಶ್ರಮ ವ್ಯರ್ಥ. ಆದ್ದರಿಂದ ಕಾದ ಪಾತ್ರೆಯಲ್ಲೇ ಮುಚ್ಚಳ ತೆರೆಯದೆ ತಣಿಯಲು ಬಿಟ್ಟು, ಬಳಿಕ ಕೆಳಗೆ ನಲ್ಲಿಯಿರುವ ಸ್ಟೀಲ್ ಡ್ರಮ್ಮಿಗೋ ಕಿರಿದಾದ ಬಾಯಿಯ ಬಿಂದಿಗೆಗೋ ಬಗ್ಗಿಸಬೇಕು. ಆ ಪಾತ್ರೆಯನ್ನು ವಾರಕ್ಕೊಮ್ಮೆಯಾದರೂ ಸೋಪು ಹಾಕಿ ಉಜ್ಜಿ, ಪೆಟ್ಟಿಗೆಯಿಂದ ತೆಗೆದ ಬಿಸಿನೀರಿನಲ್ಲಿ ತೊಳೆಯಬೇಕು. ತಾಮ್ರದ ಬಿಂದಿಗೆ ಇದ್ದವರು ಅದನ್ನು ಬಳಸಬಹುದು, ರಾತ್ರಿಯಿಡೀ ತಾಮ್ರದಲ್ಲಿಟ್ಟ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಕಡಿಮೆಯಾಗುತ್ತವೆ. ಕಾಯಿಸದ ನೀರನ್ನು ತಾಮ್ರದಲ್ಲಿಟ್ಟರೆ ಸಾಕೆಂದು ಮಾತ್ರ ಭಾವಿಸಬಾರದು. ಇಂದು ಕಾಯಿಸಿದ್ದನ್ನು ನಾಳೆ ಸಂಜೆಯೊಳಗೆ ಮುಗಿಸಿ.

ಪೆಟ್ಟಿಗೆ ಇಲ್ಲದವರಿಗೆ ಬಾಟಲಿಯ ವಿಧಾನ

ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಅಫ್ತೀಮ್ ಅಕ್ರಾ ಅವರು 1980ರ ಸುಮಾರಿಗೆ ತೋರಿಸಿಕೊಟ್ಟ, 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜಲಸಂಶೋಧನಾ ಸಂಸ್ಥೆ ಇಆವಾಗ್ ಬೆಳೆಸಿದ ಈ ವಿಧಾನಕ್ಕೆ ಖರ್ಚೇ ಇಲ್ಲ. ಇಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣ. ನೀರು 50 ಡಿಗ್ರಿಯ ಸಮೀಪಕ್ಕೆ ಕಾದರೆ ಶಾಖವೂ ಜೊತೆಗೂಡಿ ಕೆಲಸ ಬೇಗ ಆಗುತ್ತದೆ. ತ್ರಿಕೋನದೊಳಗೆ 1 ಎಂಬ ಅಂಕಿಯಿರುವ, ಬಣ್ಣವಿಲ್ಲದ, ಗೀರು ಬೀಳದ, ಎರಡು ಲೀಟರ್ ಮೀರದ ಪೆಟ್ (ಪಿಇಟಿ) ಪ್ಲಾಸ್ಟಿಕ್ ಬಾಟಲಿ ಆರಿಸಿ ಲೇಬಲ್ ಕಿತ್ತು ತೊಳೆಯಿರಿ. ಮುಕ್ಕಾಲು ಭಾಗ ನೀರು ತುಂಬಿ, ಇಪ್ಪತ್ತು ಸೆಕೆಂಡು ಚೆನ್ನಾಗಿ ಕುಲುಕಿ, ಬಳಿಕ ಪೂರ್ತಿ ತುಂಬಿ ಮುಚ್ಚಿ. ನೀರು ಸಾಕಷ್ಟು ತಿಳಿಯಾಗಿದೆಯೇ ಎಂದು ನೋಡಲು ಬಾಟಲಿಯನ್ನು ದಿನಪತ್ರಿಕೆಯ ದೊಡ್ಡ ತಲೆಬರಹದ ಮೇಲೆ ನಿಲ್ಲಿಸಿ, ಬಾಯಿಯ ಕಡೆಯಿಂದ ಕೆಳಗೆ ನೋಡಿ. ಅಕ್ಷರ ಓದಲು ಬಂದರೆ ಸರಿ, ಬಾರದಿದ್ದರೆ ಮತ್ತೆ ಸೋಸಿ. ತಗಡಿನ ಛಾವಣಿಯ ಮೇಲೆ ಅಡ್ಡಲಾಗಿ ಮಲಗಿಸಿ ಒಳ್ಳೆಯ ಬಿಸಿಲಿನಲ್ಲಿ ಆರು ಗಂಟೆ ಇಡಬೇಕು. ಅರ್ಧಕ್ಕಿಂತ ಹೆಚ್ಚು ಆಕಾಶ ಮೋಡ ಕವಿದಿದ್ದರೆ ಸತತ ಎರಡು ದಿನ ಬೇಕು. ಕುಡಿಯುವಾಗ ಅದೇ ಬಾಟಲಿಯಿಂದ ಲೋಟಕ್ಕೆ ಬಗ್ಗಿಸಿಕೊಳ್ಳಿ.

ಈ ವಿಧಾನದಲ್ಲಿ ಕೆಲಸ ಮುಗಿದದ್ದಕ್ಕೆ ಗುರುತಿಲ್ಲ, ಗಂಟೆಯ ಲೆಕ್ಕವೊಂದೇ ಆಧಾರ. ಕೆಲವು ಏಕಕೋಶ ಜೀವಿಗಳ ಕೋಶಗಳು ಬೆಳಕಿಗೆ ಸುಲಭವಾಗಿ ಬಗ್ಗುವುದೂ ಇಲ್ಲ. ಹೀಗಾಗಿ ಪೆಟ್ಟಿಗೆ ಇರುವವರು ಪೆಟ್ಟಿಗೆಯನ್ನೇ ಬಳಸಲಿ. ಎರಡನ್ನೂ ಬೆರೆಸಿ ಪೆಟ್ ಬಾಟಲಿಯನ್ನು ಸೋಲಾರ್ ಕುಕ್ಕರಿನೊಳಗೆ ಇಡುವುದು ತಪ್ಪು: 70 ಡಿಗ್ರಿ ದಾಟಿದರೆ ಬಾಟಲಿ ಸೊಟ್ಟಗಾಗುತ್ತದೆ.

ಗೀಸರಿನ ನೀರು, ಟ್ಯಾಂಕಿನ ನೀರು

ಪುಣೆಯ ತಾರಸಿಗಳಲ್ಲಿ ಸೋಲಾರ್ ಗೀಸರ್ ಸಾಮಾನ್ಯ. ಅದರ ನಲ್ಲಿಯಿಂದ ಬರುವ ಬಿಸಿನೀರನ್ನೇ ಕುಡಿಯಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ. ಟ್ಯಾಂಕಿನಿಂದ ನೀರು ಹೋದಂತೆಲ್ಲ ತಣ್ಣೀರು ಒಳಗೆ ಸೇರಿಕೊಳ್ಳುತ್ತದೆ, ಪ್ರತಿ ಹನಿಯೂ 70 ಡಿಗ್ರಿ ಮುಟ್ಟಿದೆಯೆಂಬ ಖಾತ್ರಿಯಿಲ್ಲ, ಕೊಳವೆಗಳಲ್ಲಿ ಕಟ್ಟಿದ ಪಾಚು ಮತ್ತು ಲೋಹದ ಅಂಶವೂ ನೀರಿಗೆ ಬರುತ್ತವೆ. ಏಪ್ರಿಲ್‌ನಲ್ಲಿ ಕಪ್ಪು ಸಿಂಟೆಕ್ಸ್ ಟ್ಯಾಂಕಿನ ನೀರು ಮೈಮೇಲೆ ಸುರಿದುಕೊಳ್ಳಲಾಗದಷ್ಟು ಕಾದಿದ್ದರೂ ರೋಗಾಣುಗಳಿಗೆ ಅದು ಸಾವಿನ ಶಾಖವಲ್ಲ. ಎಷ್ಟೋ ಬ್ಯಾಕ್ಟೀರಿಯಾಗಳಿಗೆ 35-40 ಡಿಗ್ರಿ ಹಿತವಾದ ಮಟ್ಟ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ವಿಧಾನಗಳನ್ನು ನಂಬಿ ಕೂರಬಾರದು. ಕೊಳವೆಗೆ ಚರಂಡಿಯ ನೀರು ನುಗ್ಗಿ ನೀರು ಅತಿ ಹೆಚ್ಚು ಕೆಡುವುದೂ ಅದೇ ತಿಂಗಳುಗಳಲ್ಲಿ, ಸೂರ್ಯ ದಿನಗಟ್ಟಲೆ ಮರೆಯಾಗುವುದೂ ಆಗಲೇ. ಮುಂಬಯಿ ಮತ್ತು ಗೋವೆಯ ಕರಾವಳಿಯಲ್ಲಿ ಇದು ಇನ್ನೂ ತೀವ್ರ. ವಾಸ್ಕೋದಲ್ಲಾಗಲಿ ಮಡಗಾಂವಿನಲ್ಲಾಗಲಿ ಇರುವವರು ನವೆಂಬರ್‌ನಿಂದ ಮೇ ನಡುವಿನವರೆಗಿನ ಕಾಲವನ್ನು ಮಾತ್ರ ಬಿಸಿಲಿಗೆ ಬಿಡುವುದು ಮೇಲು. ಉಳಿದ ತಿಂಗಳುಗಳಲ್ಲಿ ನೀರನ್ನು ಕುದಿಸಿ, ಇಲ್ಲವೇ ಔಷಧಿ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಗುಳಿಗೆಯನ್ನು ಪೊಟ್ಟಣದ ಮೇಲೆ ಬರೆದಿರುವ ಪ್ರಮಾಣದಲ್ಲಿ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಬಿಸಿಲಿನ ತಿಂಗಳುಗಳಲ್ಲಿ ಉಳಿಸಿದ ಗ್ಯಾಸು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪೆಟ್ಟಿಗೆಯ ಒಳಗಿನ ಹೊಟ್ಟು ಒದ್ದೆಯಾದರೆ ಮುಂದಿನ ವರ್ಷ ಶಾಖ ಹಿಡಿಯುವುದಿಲ್ಲ. ಪೆಟ್ಟಿಗೆಯನ್ನು ಒಣಗಿದ ಕೋಣೆಯಲ್ಲಿ ನೆಲದಿಂದ ಎತ್ತರಕ್ಕೆ ಇಟ್ಟಿರಿ.

ಪರೀಕ್ಷೆ

ಹೊಸದಾಗಿ ಆರಂಭಿಸಿದವರು ಮೊದಲ ವಾರದಲ್ಲಿ ಒಮ್ಮೆ, ನೀರಿನ ಮೂಲ ಬದಲಾದಾಗ ಮತ್ತೊಮ್ಮೆ, ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಪರೀಕ್ಷೆಯ ಬಾಟಲಿಯಿಂದ ಪರೀಕ್ಷಿಸಬೇಕು. ಭಾರತೀಯ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಈ ಸರಳ ಪರೀಕ್ಷೆಯನ್ನು ಗ್ರಾಮ ಪಂಚಾಯತಿಗಳೂ ಸ್ವಯಂಸೇವಾ ಸಂಸ್ಥೆಗಳೂ ಇಂದಿಗೂ ಬಳಸುತ್ತವೆ. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಟ್ಟಾಗ ನೀರು ಕಪ್ಪಾದರೆ ಮಲಮೂಲದ ಬ್ಯಾಕ್ಟೀರಿಯಾ ಇರುವ ಸಂಭವವಿದೆ. ಒಂದೇ ಬಾರಿಗೆ ಮೂರು ಬಾಟಲಿ ಇಡಿ: ಕಾಯಿಸುವ ಮೊದಲಿನ ನೀರು, ಪೆಟ್ಟಿಗೆಯಿಂದ ತೆಗೆದ ಕೂಡಲೇ ಹಿಡಿದ ನೀರು, ಮರುದಿನ ಕುಡಿಯುವ ಡ್ರಮ್ಮಿನ ನಲ್ಲಿಯಿಂದ ಹಿಡಿದ ನೀರು. ಮೊದಲನೆಯದು ಕಪ್ಪಾಗಿ ಎರಡನೆಯದು ಹಾಗೇ ಉಳಿದರೆ ಪೆಟ್ಟಿಗೆ ತನ್ನ ಕೆಲಸ ಮಾಡಿದೆ. ಎರಡನೆಯದೂ ಕಪ್ಪಾದರೆ ಥರ್ಮಾಮೀಟರನ್ನು ಮತ್ತೆ ಪರೀಕ್ಷಿಸಿ, ಪಾತ್ರೆಗೆ ಹಾಕುವ ನೀರನ್ನು ಕಡಿಮೆ ಮಾಡಿ. ಎರಡನೆಯದು ಸರಿಯಿದ್ದು ಮೂರನೆಯದು ಮಾತ್ರ ಕಪ್ಪಾದರೆ ದೋಷ ಬಿಸಿಲಿನದಲ್ಲ, ಡ್ರಮ್ಮಿನದು ಅಥವಾ ಅದಕ್ಕೆ ತಾಗುವ ಕೈಗಳದು. ಡ್ರಮ್ಮನ್ನು ಬಿಸಿನೀರಿನಲ್ಲಿ ತೊಳೆದು, ಅದರ ನಲ್ಲಿಯನ್ನು ಬಿಚ್ಚಿ ಒಳಗಿನ ಲೋಳೆಯನ್ನು ಬ್ರಷ್ಷಿನಿಂದ ತೆಗೆದು, ಹೊಸ ಬಾಟಲಿಯಲ್ಲಿ ಇನ್ನೊಮ್ಮೆ ಪರೀಕ್ಷಿಸಿ.